ಕ್ಲೆಮ್ ಪರ್ವಿಸ್ ಆಡಿದ ಮೇಷ್ಟ್ರ ಪಾತ್ರ

ಕ್ಲೆಮ್ ಪರ್ವಿಸ್ ಹೆಸರು ನನ್ನ ಕಿವಿಗೆ ಮೊದಲು ಬಿದ್ದದ್ದು ಕಾಲೇಜು ರಂಗಮಂದಿರದ ಹೊಲಿಗೆ ಕೋಣೆಯಲ್ಲಿ. ನಾಟಕ ಆಡಿಸುವ ಗ್ರೆಟಾ ಒಳಗೆ ಬಂದವಳೇ, "ವರ್ನಾ, ಮೇಷ್ಟ್ರ ಪಾತ್ರಕ್ಕೆ ಇಡೀ ಕಾಲೇಜಲ್ಲಿ ಒಬ್ಬ ಮೇಷ್ಟ್ರೂ ಸಿಗ್ತಿಲ್ಲ ಕಣೆ. ಕ್ಷೌರದಂಗಡಿ ಕ್ಲೆಮ್‌ನ ಕರೆಸಿದೀನಿ, ಕೋಟಿಗೆ ಅಳತೆ ತಗೋ" ಅಂದಳು.

ಸಿಗದಿದ್ದದ್ದು ಸೋಜಿಗವೇನಲ್ಲ. ನಾಟಕದಲ್ಲಿ ಬಿಳಿಯ ಮೇಷ್ಟ್ರೊಬ್ಬ ಕರಿಯ ಹುಡುಗಿಯ ಪ್ರಬಂಧ ಓದಿ, "ಇದು ನೀನು ಬರೆದದ್ದಲ್ಲ" ಅನ್ನುತ್ತಾನೆ. ಅದೊಂದೇ ಮಾತಿಗೆ ಕಾಲೇಜು ಎರಡು ಹೋಳಾಗುತ್ತದೆ. ನಮ್ಮ ಓಹಾಯೊ ಕಡೆ ಇಂಥದ್ದು ನಾಟಕದಲ್ಲಷ್ಟೇ ನಡೆಯುವುದಲ್ಲ. ಆ ಮಾತು ತನ್ನ ಬಾಯಿಂದ ಬರಲಿ ಅಂತ ಯಾವ ಮೇಷ್ಟ್ರು ಬಯಸಿಯಾನು?

ಕ್ಲೆಮ್ ಬಂದ. ಬಿಳಿಯ, ಒಣಕಲ, ಹೆಂಡತಿ ಮಕ್ಕಳಿಲ್ಲ. ಗಿರಾಕಿಗಳ ಗಡ್ಡ ಕೆರೆಯುತ್ತಲೇ ಮಾತು ಬಾಯಿಪಾಠ ಮಾಡಿದ. ಪ್ರಬಂಧ ಬರೆದ ಹುಡುಗಿಯ ಪಾತ್ರ ರೊಶೆಲ್‌ದು, ನಮ್ಮ ಕಾಲೇಜಲ್ಲೇ ಓದುತ್ತಿದ್ದ ಕರಿಯ ಹುಡುಗಿ. "ಏನ್ ಪ್ರೊಫೆಸರೇ, ಇವತ್ತು ಯಾರ ತಲೆ ಬೋಳಿಸಿದ್ರಿ?" ಅಂತ ದಿನಾ ಕಿಚಾಯಿಸುವಳು. ಅವಳಿಗೆಂದು ಅವನು ಬೇಕರಿಯ ಡೋನಟ್ ಕಟ್ಟಿಸಿಕೊಂಡು ಬರುವನು. ಮಗಳಿದ್ದಿದ್ದರೆ ಹೀಗೇ ಇರುತ್ತಿದ್ದಳು ಅಂತ ಒಮ್ಮೆ ನನ್ನ ಹತ್ತಿರ ಅಂದದ್ದೂ ಉಂಟು.

"ಆ ಮೇಷ್ಟ್ರು ಕೆಟ್ಟವನಲ್ವಾ ಕ್ಲೆಮ್?" ಅಂತ ಕೇಳಿದೆ.

"ಕೆಟ್ಟವನು ಅಂದ್ಕೊಂಡು ಆಡಿದ್ರೆ ಗೊಂಬೆಯಾಟ ಆಗ್ಬಿಡತ್ತೆ. ಅವನ ಕಡೆಗೂ ಒಬ್ಬ ಬೇಕಲ್ಲ, ಅದು ನಾನು."

ನಮ್ಮಲ್ಲಿ ನಾಟಕ ಮುಗಿದ ಮೇಲೆ ಪಾತ್ರಧಾರಿಗಳು ವೇಷ ಕಳಚಿ, ಸ್ವಂತ ಬಟ್ಟೆಯಲ್ಲಿ ಬಂದು ಜನರ ಪ್ರಶ್ನೆಗೆ ಉತ್ತರ ಕೊಡುವ ಪದ್ಧತಿ. ಮೊದಲ ರಾತ್ರಿ ಹುಡುಗನೊಬ್ಬ ಎದ್ದು ಕ್ಲೆಮ್‌ಗೆ, "ಅವಳು ಬರೆದಿಲ್ಲ ಅಂತ ಯಾಕೆ ಅಂದ್ಕೊಂಡ್ರಿ?" ಅಂದ. 'ಅದು ಪಾತ್ರದ ಮಾತು' ಅಂದುಬಿಟ್ಟಿದ್ದರೆ ಮುಗಿಯುತ್ತಿತ್ತು. ಕ್ಲೆಮ್ ತನ್ನ ಚೌಕಳಿ ಅಂಗಿಯಲ್ಲಿ ಕೂತು, "ಅಂಥ ಹುಡುಗೀರು ಅಷ್ಟು ಚೆನ್ನಾಗಿ ಬರೆದದ್ದು ನಾನು ಕಂಡಿರಲಿಲ್ಲ. ಅದಕ್ಕೆ ಅನುಮಾನ ಬಂತು" ಅಂದ.

ಪಕ್ಕದಲ್ಲಿ ಕೂತಿದ್ದ ರೊಶೆಲ್ ತನ್ನ ಕುರ್ಚಿಯನ್ನು ಅವನಿಂದ ದೂರ ಎಳೆದುಕೊಂಡಳು.

ಮಾರನೆಯ ದಿನದಿಂದ ಹುಡುಗರು ಅವನ ಅಂಗಡಿ ಮೆಟ್ಟಿಲು ಹತ್ತಲಿಲ್ಲ. ಅದಕ್ಕೆ ಅವನು ತಲೆ ಕೆಡಿಸಿಕೊಳ್ಳಲಿಲ್ಲ. ರೊಶೆಲ್‌ಗೆ ಹೇಳಲು ಹೋದ: "ನೋಡಮ್ಮ, ನಾನಿನ್ನೂ ಆ ಮೇಷ್ಟ್ರೊಳಗೇ ಇದ್ದೆ."

"ಬಟ್ಟೆ ನಿಮ್ದೇ ಇತ್ತಲ್ಲ" ಅಂದಳು ಅವಳು. ಡೋನಟ್ ಪೊಟ್ಟಣ ಮೇಜಿನ ಮೇಲೇ ಉಳಿಯಿತು.

ಕೊನೆಯ ಆಟದಲ್ಲಿ ಎಲ್ಲರೂ ಕೈ ಕೈ ಹಿಡಿದು ಜನರಿಗೆ ಬಾಗುವಾಗ ರೊಶೆಲ್ ಅವನ ಕೈ ಹಿಡಿಯಲಿಲ್ಲ, ಕೋಟಿನ ತೋಳು ಹಿಡಿದಳು. ಪರದೆಯ ಹಿಂದಿದ್ದ ನನಗೆ ಕಂಡಿತು. ಆಮೇಲೆ ಅವಳು ಓದು ಮುಗಿಸಿ ಊರು ಬಿಟ್ಟಳು. ಕ್ಲೆಮ್ ಮತ್ತೆ ರಂಗದ ಮೇಲೆ ಕಾಲಿಡಲಿಲ್ಲ.

ಎಷ್ಟೋ ವರ್ಷದ ಮೇಲೆ ಅವನು ಹಾಸಿಗೆ ಹಿಡಿದಾಗ ಕೋಳಿ ಸೂಪು ತೆಗೆದುಕೊಂಡು ಹೋಗಿದ್ದೆ. ಎರಡು ಚಮಚ ಕುಡಿದು ಬಟ್ಟಲು ಸರಿಸಿದ.

"ವರ್ನಾ, ಮೊದಲ ಆಟದ ರಾತ್ರಿ ನಾನು ಉತ್ತರ ಕೊಟ್ಟಾಗ ನೀನು ಪರದೆ ಹಿಂದೆ ನಿಂತು ಕೇಳ್ತಿದ್ದೆ. ನನ್ನ ಮನಸ್ಸು ನೋಯತ್ತೆ ಅಂತ ನೋಡ್ಬೇಡ, ನಿಜ ಹೇಳು. ಆ ಮಾತು ಆ ಮೇಷ್ಟ್ರದಾ, ನನ್ನದಾ?"