ಅರ್ಧ ಹಾಳೆಯ ಹಾರೈಕೆ

ಕಡತದ ದಾರ ಬಿಚ್ಚಿದ ಕೂಡಲೇ ನಶ್ಯದ ವಾಸನೆ ಬಂತು. ಒಂದು ಸೀನು ಸೀನಿದೆ. ಎರಡನೆಯದಕ್ಕೆ ಎದುರುಮನೆ ಕಾಕಾ ನೆನಪಾದರು.

ಪುಣೆಯ ಕೋಥರೂಡದ ನಮ್ಮ ಹಳೆಯ ಸೊಸೈಟಿಯನ್ನು ಕೆಡವಿ ಹೊಸದು ಕಟ್ಟುತ್ತಾರಂತೆ. ತೀರಿಹೋದ ಅಪ್ಪನ ಮನೆಯ ಸಾಮಾನು ತೆಗೆಯಲು ಕಳೆದ ವಾರ ಅಲ್ಲಿಗೆ ಹೋಗಿದ್ದೆ. ಎದುರುಮನೆಯಲ್ಲಿ ಕಾಕಾನ ಸೊಸೆಯೂ ಅದೇ ಕೆಲಸದಲ್ಲಿದ್ದಳು. ಪುಣೆಯಲ್ಲೇ ಹುಟ್ಟಿದವಳು, ಕನ್ನಡ ಮಾತಾಡುತ್ತಾಳೆ, ಓದಲು ಬರುವುದಿಲ್ಲ. "ಮಾವನವರ ಕಾಗದ ಅದಾವ್ರಿ. ರದ್ದಿಗೆ ಹಾಕಾಕ ಮನಸ್ಸ ಬರವಲ್ದು, ನೀವ ಇಟ್ಕೋರಿ," ಎಂದು ಕಡತವನ್ನು ನನ್ನ ಕೈಗಿಟ್ಟಳು.

ಕಾಕಾ ಯಾವುದೋ ಕಚೇರಿಯಲ್ಲಿ ಗುಮಾಸ್ತರಾಗಿದ್ದವರು. ಆದರೆ ಇಲ್ಲಿನ ಕನ್ನಡದವರಿಗೆಲ್ಲ ಅವರು ಗೊತ್ತಿದ್ದದ್ದು ಮದುವೆಯ ಮಾತಿಗೆ. ಅಕ್ಷತೆ ಬಿದ್ದ ಮೇಲೆ, ಊಟಕ್ಕೆ ಕೂರುವ ಮುಂಚೆ, ಕಾಕಾ ಮೈಕು ಹಿಡಿದು ವಧೂವರರಿಗೆ ನಾಲ್ಕು ಒಳ್ಳೆಯ ಮಾತು ಹೇಳಬೇಕು. ಅದಕ್ಕೆ ಅವರದೇ ಒಂದು ಪದ್ಧತಿ ಇತ್ತು. ಹಿಂದಿನ ದಿನವೇ ಹುಡುಗಿಯನ್ನೂ ಹುಡುಗನನ್ನೂ ಬೇರೆ ಬೇರೆ ಕಂಡು, ಚಹಾ ಕುಡಿದು, ಒಬ್ಬೊಬ್ಬರಿಗೆ ಒಂದೊಂದೇ ಪ್ರಶ್ನೆ ಕೇಳುವುದು. ಉತ್ತರ ಕೇಳಿಕೊಂಡು ಹೋಗಿ ಬರೆಯುವುದು. ಒಬ್ಬ ಹುಡುಗಿ ತನಗೆ ಹಲ್ಲಿಯೊಂದನ್ನು ಬಿಟ್ಟರೆ ಯಾರ ಹೆದರಿಕೆಯೂ ಇಲ್ಲ ಎಂದಿದ್ದಳಂತೆ. ಮರುದಿನ ಕಾಕಾ ತುಂಬಿದ ಮಂಗಲ ಕಾರ್ಯಾಲಯದಲ್ಲಿ ಮದುಮಗನಿಗೆ ಹಲ್ಲಿ ಓಡಿಸುವ ಕೆಲಸ ಹಚ್ಚಿಕೊಟ್ಟರು. ಅವಳ ಅತ್ತೆ ಕೂಡ ನಕ್ಕುಬಿಟ್ಟಳು.

ನನ್ನ ಮದುವೆಗೆ ಅಂಥದ್ದೇ ಏನೋ ಕೇಳುತ್ತಾರೆ ಎಂದುಕೊಂಡಿದ್ದೆ. ಎರಡೂ ಕೈಗೆ ಮೆಹೆಂದಿ ಹಚ್ಚಿಕೊಂಡು ಕೂತಿದ್ದೆ. ಕಾಕಾ ಕಪ್ಪಿನಿಂದ ಬಸಿಗೆ ಚಹಾ ಬಗ್ಗಿಸಿಕೊಂಡು ಕುಡಿದು, ತಗ್ಗಿದ ದನಿಯಲ್ಲಿ ಕೇಳಿದರು: "ನಿನಗ ಖರೇ ಖುಷಿ ಅದ ಏನವಾ?"

ನಾನು ನಕ್ಕೆ. ಯಾಕೆ ನಕ್ಕೆ ಎಂದು ನನಗೆ ಇವತ್ತಿಗೂ ಗೊತ್ತಿಲ್ಲ... ಹುಡುಗನನ್ನು ಒಂದೇ ಒಂದು ಸಲ ನೋಡಿದ್ದೆ. ಖುಷಿಯೋ ಗಾಬರಿಯೋ ನನಗೇ ಬೇರೆ ಮಾಡಿ ಹೇಳಲು ಬರುತ್ತಿರಲಿಲ್ಲ.

ಗಂಡಿನ ಕಡೆಯವರು ಆ ಸಂಜೆಯೇ ಇಂದಾಪುರದಿಂದ ಬರಬೇಕಿತ್ತು. ದಾರಿಯಲ್ಲಿ ಬಸ್ಸು ಕೆಟ್ಟು, ಮರುದಿನ ಮುಹೂರ್ತಕ್ಕೆ ಸರಿಯಾಗಿ ಬಂದು ಇಳಿದರು. ಆ ಗಡಿಬಿಡಿಯಲ್ಲೇ ಅಕ್ಷತೆ ಬಿತ್ತು. ಕಾಕಾ ಎದ್ದು ಮೈಕು ಹಿಡಿದರು. ಕಿಸೆಯಿಂದ ಹಾಳೆ ತೆಗೆದು ನೋಡಿದರು, ನನ್ನನ್ನು ನೋಡಿದರು, ಹಾಳೆ ಮಡಚಿ ಮತ್ತೆ ಕಿಸೆಗಿಟ್ಟರು. "ಇಬ್ಬರೂ ಚಂದಾಗಿ ಇರ್ರಿ," ಎಂದರು. ಅಷ್ಟೇ. ಹೋಗಿ ಕೂತರು.

ಅಪ್ಪನಿಗೆ ಸಿಟ್ಟು ನೆತ್ತಿಗೇರಿತು. ಊರ ಮಂದಿಗೆಲ್ಲ ಹರಸುವವರಿಗೆ ನನ್ನ ಮಗಳ ಹೊತ್ತಿಗೆ ಬಾಯಿ ಬಿದ್ದುಹೋಯಿತೇ ಎಂದು ಕೂಗಾಡಿದರು. ಕಾಕಾ ಒಂದು ಕಾರಣವನ್ನೂ ಹೇಳಲಿಲ್ಲ. ಆಮೇಲೆ ಎದುರುಬದುರು ಬಾಗಿಲಿದ್ದೂ ಇಬ್ಬರು ಗೆಳೆಯರು ಮಾತಾಡದೆ ಉಳಿದರು. ಕಾಕಾ ಮೊದಲು ಹೋದರು, ನಂತರ ಅಪ್ಪ. ನಾನಾದರೂ ತವರಿಗೆ ಬಂದಾಗ ಕೇಳಬಹುದಿತ್ತು. ಕೇಳಲಿಲ್ಲ, ಉತ್ತರದ ಭಯ. ಗಂಡನ ಜೊತೆ ಜಗಳವಾದಾಗಲೆಲ್ಲ, ಆ ಮುದುಕ ನನ್ನ ನಗುವಿನಲ್ಲಿ ಏನು ಕಂಡರೋ, ಈ ಮದುವೆ ನೆಟ್ಟಗಾಗುವುದಿಲ್ಲ ಎಂದು ಅವತ್ತೇ ಅವರಿಗೆ ತಿಳಿದಿತ್ತೋ ಎಂದು ಕೊರೆಯುತ್ತಿತ್ತು. ಜಗಳವಿಲ್ಲದ ದಿನಗಳಲ್ಲಿ ಮರೆತೇ ಹೋಗುತ್ತಿತ್ತು ಅನ್ನುವುದೂ ನಿಜ.

ಕಡತದಲ್ಲಿ ಪ್ರತಿ ಮದುವೆಗೆ ಒಂದು ಹಾಳೆ. ಮೇಲೆ ಹುಡುಗಿಯ ಹೆಸರು, ಕೆಳಗೆ ಹುಡುಗನದು, ಇಬ್ಬರಿಗೂ ಅರ್ಧರ್ಧ. ನನ್ನದೂ ಸಿಕ್ಕಿತು. ಮೇಲಿನ ಅರ್ಧದಲ್ಲಿ ನಾನು ಅವರ ಕೈ ಹಿಡಿದು ಶಾಲೆಗೆ ಹೋದದ್ದು, ಅವರ ಚಷ್ಮಾ ಮುರಿದು ಅಕ್ಕಿ ಡಬ್ಬಿಯಲ್ಲಿ ಬಚ್ಚಿಟ್ಟದ್ದು ಎಲ್ಲ ಇತ್ತು. ಕೆಳಗೆ ನನ್ನ ಗಂಡನ ಹೆಸರು, ಅದರ ಕೆಳಗೆ ಖಾಲಿ. ಅಂಚಿನಲ್ಲಿ ಪೆನ್ಸಿಲ್ಲಿನಿಂದ ಸಣ್ಣಗೆ ಬರೆದಿದ್ದರು: "ಹುಡುಗ ಭೆಟ್ಟಿ ಆಗಲಿಲ್ಲ. ಕಾಣದವರ ಬಗ್ಗೆ ಏನು ಹೇಳಲಿ?"

ಬಸ್ಸು ಕೆಟ್ಟಿತ್ತು, ಇಷ್ಟೇ! ಹಾಳಾದ ಒಂದು ಬಸ್ಸಿಗಾಗಿ ಇಷ್ಟು ವರ್ಷ... ಅಪ್ಪನನ್ನು ನೆನೆದು ಅಳು ಬಂತು. ಕಣ್ಣೊರೆಸಿಕೊಂಡು ನೋಡಿದರೆ ನನ್ನ ಅರ್ಧದ ಕೊನೆಯಲ್ಲೂ ಪೆನ್ಸಿಲ್ಲಿನ ಒಂದು ಸಾಲು: "ಖುಷಿ ಅದ ಏನು ಅಂತ ಕೇಳಿದೆ. ನಕ್ಕಳು. ಇದಕ್ಕ ಏನು ಬರೀಬೇಕು ತಿಳೀಲಿಲ್ಲ."

ಹಾಗಾದರೆ ಬಸ್ಸೋ, ನನ್ನ ನಗುವೋ? ಈಗ ಕೇಳೋಣವೆಂದರೆ ಎದುರುಮನೆ ಖಾಲಿಯಾಗಿದೆ, ಕಾಕಾನೂ ಇಲ್ಲ.

ನಿನ್ನೆ ಆ ಖಾಲಿ ಅರ್ಧವನ್ನು ನಾನೇ ತುಂಬೋಣವೆಂದು ಪೆನ್ನು ಹಿಡಿದು ಕೂತೆ. ಇವರು ಬಾಲ್ಕನಿಯಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿದ್ದರು. ಕಾಕಾನ ಪದ್ಧತಿಯಂತೆ ಒಂದೇ ಪ್ರಶ್ನೆ ಕೇಳಿದೆ.

"ರೀ, ನಿಮಗ ಖರೇ ಖುಷಿ ಅದ ಏನ್ರಿ?"

ಬಟ್ಟೆಯ ರಾಶಿಯನ್ನು ಎದೆಗವಚಿಕೊಂಡು ನನ್ನ ಕಡೆ ತಿರುಗಿದರು. ನಕ್ಕರು.