ನಾಯ್ಕ ಸಾಹೇಬರ ಕೊಡೆ

ನಾಯ್ಕ ಸಾಹೇಬರ ಕೊಡೆಯ ತುದಿ ಯಾವ ಗಿಡಕ್ಕೆ ತಾಗಿತೋ ಆ ಗಿಡದ ಆಯುಷ್ಯ ಮುಗಿದಂತೆ. ಬಿಸಿಲಿರಲಿ, ಮಳೆಯಿರಲಿ, ಆ ಕೊಡೆ ಬಿಚ್ಚಿದ್ದನ್ನು ನಾನು ಕಂಡವನಲ್ಲ. ಬನವಾಸಿ ಕಡೆಯ ನಮ್ಮೂರಿಗೆ ಅವರು ಕೃಷಿ ಸಹಾಯಕರಾಗಿ ಬಂದಾಗ ನಾನಿನ್ನೂ ಶಾಲೆಗೆ ಹೋಗುತ್ತಿದ್ದೆ. ಬದುವಿನ ಮೇಲೆ ಕೊಡೆ ಮುಂದೆ, ಸಾಹೇಬರು ಹಿಂದೆ, ಅವರ ಹಿಂದೆ ಕುಡುಗೋಲು ಹಿಡಿದ ನಮ್ಮಪ್ಪ. "ಇದೆಂತ ಕಸ? ಕೀಳಿ. ಇದೆಂತಕ್ಕೆ ಇಟ್ಕೊಂಡಿದ್ರಿ? ಕೀಳಿ." ಒಂದೆಲಗ, ಹೊನಗೊನ್ನೆ ಸೊಪ್ಪು, ಬೇಲಿಯ ತೊಂಡೆಬಳ್ಳಿ ಎಲ್ಲ ಒಂದೇ ಮುಂಜಾನೆ ಹೋದವು. ಸಂಜೆ ಸೊಪ್ಪಿಗೆಂದು ಹೋಗಿ ಬರಿಗೈಲಿ ಬಂದ ಅವ್ವ, ಅಪ್ಪನ ರೊಟ್ಟಿಯ ಪಕ್ಕ ಬರೀ ಉಪ್ಪು ಬಡಿಸಿದಳು. "ಸಾಹೇಬ್ರು ಹೇಳ್ಯಾರಲ್ಲ, ಉಣ್ರಿ."

ಹಾಗಂತ ಕೆಟ್ಟವರೇನಲ್ಲ. ಕೆಸರಲ್ಲಿ ಸೈಕಲ್ ಹೊತ್ತುಕೊಂಡಾದರೂ ಹೇಳಿದ ದಿನ ಬಂದೇ ಬರುವರು. ಊರಿಗೆಲ್ಲ ಒಂದೇ ತಳಿ, ಒಂದೇ ಎತ್ತರ, ಒಟ್ಟಿಗೇ ಕೊಯ್ಲು, ಅದು ಅವರ ಕನಸು. "ಗದ್ದೆ ಅಂದ್ರೆ ಶಾಲೆ ಮಕ್ಳು ಪ್ರಾರ್ಥನೆಗೆ ನಿಂತ ಹಾಗೆ ಕಾಣ್ಬೇಕು" ಎನ್ನುತ್ತಿದ್ದರು.

ಆ ಸಾಲು ಕೆಡಿಸಿದ್ದು ನಮ್ಮವ್ವನ ಮುಳ್ಳುಭತ್ತ. ಕಾಡಿನಂಚಿಗೆ ಒಂದು ಪಟ್ಟಿ ಅದನ್ನು ಬಿತ್ತುತ್ತಿದ್ದಳು. ತೆನೆಯ ತುಂಬ ಉದ್ದುದ್ದ ಕರಿ ಮುಳ್ಳು. ಬಾಯಿ ಹಾಕಿದ ಹಂದಿ ಮುಖ ಚುಚ್ಚಿಸಿಕೊಂಡು ಪಕ್ಕದವರ ಗದ್ದೆಗೆ ಹೋಗುತ್ತಿತ್ತು.

"ಇದೆಂತ, ಭತ್ತವಾ ಮುಳ್ಳುಹಂದಿಯಾ?" ಕೊಡೆ ತಾಗಿತು. ಅಪ್ಪ ಬಗ್ಗಿದ. ಅವ್ವ ಅಡ್ಡ ನಿಂತಳು.

"ಕೀಳ್ತೀವ್ರಿ ಸಾಹೇಬ್ರ. ನೀವು ದಿನಾ ರಾತ್ರಿ ಬಂದು ಹಂದಿ ಕಾಯ್ತೀರೇನು, ಅಷ್ಟು ಹೇಳ್ರಿ."

ಸಾಹೇಬರು ಸೈಕಲ್ ಹತ್ತಿದರು. ಯಲ್ಲಾಪುರಕ್ಕೆ ವರ್ಗವಾಗುವ ತನಕ ಅವ್ವನ ಮಜ್ಜಿಗೆ ಕುಡಿದರೇ ಹೊರತು ಅವ್ವನ ಜೊತೆ ಮಾತಾಡಲಿಲ್ಲ.

ನಿವೃತ್ತಿಯಾದ ಮೇಲೆ ಒಂದು ದಿನ ಬಸ್ಸಿಳಿದು ಬಂದರು. ತಲೆ ಬೆಳ್ಳಗಾಗಿತ್ತು, ಕೊಡೆ ಅದೇ. ಮನೆ ಎದುರಿನ ಬದುವಿನ ಒಂದೆಲಗಕ್ಕೆ ತುದಿ ತಾಗಿಸಿದ್ದೇ ತಡ, ಅಪ್ಪನ ಕಾಲದ ರೂಢಿ ನೋಡಿ, ನನ್ನ ಕೈ ಕುಡುಗೋಲಿಗೆ ಹೋಯಿತು.

"ಹೇ ಮಾರಾಯ, ಕೀಳ್ಬೇಡ! ಔಷಧಿ ಅದು! ಗದ್ದೆ ಅಂದ್ರೆ ಸಂತೆ ಇದ್ದ ಹಾಗಿರ್ಬೇಕು, ಎಲ್ಲ ನಮೂನೆಯವೂ ಬೇಕು."

ದನಿ ಅದೇ, ಧಿಮಾಕೂ ಅದೇ. ಅವ್ವ ಹೊರಗೆ ಬಂದಳು. "ಕೀಳ್ರಿ ಅಂದವ್ರೂ ನೀವ, ಕೀಳಬ್ಯಾಡ್ರಿ ಅನ್ನವ್ರೂ ನೀವ. ನಡುವ ನಾವು ಉಪ್ಪು ನೆಕ್ಕೂದೇನ್ರಿ?"

ಸಾಹೇಬರು ಕಟ್ಟೆಯ ಮೇಲೆ ಕೂತುಬಿಟ್ಟರು. "ನಮಗೆ ಆಗ ಕಲಿಸಿದ್ದು ಹಾಗೇ ಅಮ್ಮಾ. ನಂಬಿಯೇ ಹೇಳ್ದೆ. ಈಗ ಹಂದಿ ಬೇರೆ ಕಲಿಸ್ತು." ತಮ್ಮ ಹುಟ್ಟೂರು ತ್ಯಾಗಲಿಯಲ್ಲಿ ತಮ್ಮನ ಗದ್ದೆಯ ಮುಳ್ಳುಭತ್ತವನ್ನು ಇವರೇ ನಿಂತು ಕೀಳಿಸಿದ್ದರಂತೆ. ಈಗ ಹಂದಿ ಒಂದು ತೆನೆಯನ್ನೂ ಬಿಡುವುದಿಲ್ಲ. ಇನ್ನೊಂದು ಬೆಳೆ ಹೋದರೆ ಗದ್ದೆ ಬೀಳು ಬಿಡುತ್ತೇನೆಂದು ತಮ್ಮ ಹಟ ಹಿಡಿದಿದ್ದ. "ಅಪ್ಪಯ್ಯ ಮಾಡಿದ ಗದ್ದೆ. ನನ್ನಿಂದ ಬೀಳು ಬೀಳ್ತು ಅನ್ನೋ ಹಾಗಾಯ್ತು. ಒಂದು ಸೇರು ಬೀಜ ಕೊಡಿ."

ನಮ್ಮ ಮನೆಯಲ್ಲಿ ಬೀಜ ಮಾರುವುದಿಲ್ಲ, ಬರಿಗೈಗೆ ಕೊಡುವುದೂ ಇಲ್ಲ. ಬೀಜಕ್ಕೆ ಬೀಜ, ಅದೂ ಕೇಳಿದವರು ತಾವೇ ಬೆಳೆದದ್ದು. "ನೀವು ಬೆಳದದ್ದು ಏನರ ತರ್ರಿ" ಅಂದಳು ಅವ್ವ.

ಸಾಹೇಬರು ಬೆರಳು ಮಡಚಿ ಎಣಿಸಲು ನೋಡಿದರು. ಮೂರು ತಾಲೂಕಿಗೆ ಬೆಳೆಯಲು ಕಲಿಸಿದವರು. "ನಾ ಬೆಳೆದದ್ದು ಎಂತದೂ ಇಲ್ಲ" ಅಂದರು.

"ಹಂಗಾರ ಬೆಳೀರಿ. ಬಿತ್ತಿಗಿ ಇನ್ನೂ ದೂರ ಐತಿ."

ನಾನು ಅವ್ವನ ಹತ್ತಿರ ಸರಿದೆ. ಕೊಟ್ಟುಬಿಡವ್ವಾ ಅಂದೆ. ಅವ್ವ ನನ್ನನ್ನೇ ಕೀಳುವ ಹಾಗೆ ನೋಡಿದಳು.

ಆಮೇಲೆ ಶುರುವಾಯಿತು ಸಾಹೇಬರ ಫೋನು. ಸೌತೆ ಮೊಳಕೆ ಬಂತು. ಹೂ ಬಂತು. ಮಂಗ ಬಂತು. ಮತ್ತೆ ಬಿತ್ತಿದೆ. ಒಂದು ಕಾಯಿ ನಿಂತಿದೆ, ಹಗಲಿಡೀ ಪಕ್ಕದಲ್ಲಿ ಕುರ್ಚಿ ಹಾಕಿ ಕೂತಿದ್ದೇನೆ. ಬಿತ್ತನೆಗೆ ಮುಂಚೆ, ಬಿಲ್ಲಿನಂತೆ ಬಾಗಿದ ಒಂದು ಹಣ್ಣು ಸೌತೆಯನ್ನು ಬಾಣಂತಿ ಕೂಸು ತಂದಂತೆ ಟವೆಲಿನಲ್ಲಿ ಸುತ್ತಿ ತಂದರು. ನಾನೊಂದು ಚೂರು ಬಾಯಿಗಿಟ್ಟು ಬಚ್ಚಲಿಗೆ ಓಡಿದೆ. ಬೇವೇ ವಾಸಿ. ಅವ್ವ ಮಾತ್ರ ಅಗಿದು, ನುಂಗಿ, "ಚಲೋ ಐತ್ರಿ" ಅಂದಳು. ಬೀಜ ತೊಳೆದು, ಬೂದಿ ಹಚ್ಚಿ, ಒಣಗಲೆಂದು ಗೋಡೆಗೆ ಬಡಿದಳು. ಒಳಗಿನಿಂದ ಮುಳ್ಳುಭತ್ತದ ಗಂಟು ತಂದು ಕೊಟ್ಟಳು.

ಗಂಟನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡು ಸಾಹೇಬರು ಬಸ್ ಹತ್ತಿದರು. ಕೊಡೆ ನಮ್ಮ ಕಟ್ಟೆಯ ಮೇಲೆಯೇ ಉಳಿದಿತ್ತು. ನಾನು ಎತ್ತಿಕೊಂಡು ಓಡಿದೆ. "ಇರ್ಲಿ ಮಾರಾಯ, ಕೊಯ್ಲು ಮುಗಿಸ್ಕೊಂಡು ಬರ್ತೆ!" ಎಂದು ಕಿಟಕಿಯಿಂದ ಕೂಗಿದರು.

ಕೊಯ್ಲಿಗೆ ಮುಂಚೆ ಅವರ ತಮ್ಮನ ಫೋನು ಬಂತು. ತೆನೆ ಬಂದಿತ್ತಂತೆ. ಹಂದಿ ಮೂಸಿ ತಿರುಗಿ ಹೋದ ಹೆಜ್ಜೆ ಕಂಡು ಅಣ್ಣ ಬದುವಿನ ಮೇಲೆ ನಿಂತು ಚಪ್ಪಾಳೆ ತಟ್ಟಿದ್ದನಂತೆ. ಆ ವಾರವೇ ಹೋಗಿಬಿಟ್ಟ ಎಂದ. ಗದ್ದೆ ಬೀಳು ಬಿಡುವುದಿಲ್ಲ ಎಂದೂ ಹೇಳಿದ. ನನಗೆ ಅಳು ಬಂತು. ಅವ್ವ ಒಳಗೆ ಹೋದಳು.

ಈ ಮಳೆಗಾಲ ಬೇಲಿಯ ಮೇಲೆ ಆ ಸೌತೆಬಳ್ಳಿ ಹಬ್ಬಿತು. ಕಾಯಿಗಳು ಮತ್ತೆ ವಿಷದಂಥ ಕಹಿ. ದನವೂ ಮೂಸಲಿಲ್ಲ. ಕುಡುಗೋಲು ತೆಗೆದುಕೊಂಡು ಹೋದೆ. ಹಿಂದಿನಿಂದ ಅವ್ವ ಸಾಹೇಬರ ಕೊಡೆ ಊರಿಕೊಂಡು ಬಂದಳು, ತುದಿಯನ್ನು ಬಳ್ಳಿಗೆ ತಾಗಿಸಿದಳು.

"ಕೀಳಬ್ಯಾಡ."

"ಯಾರೂ ತಿನ್ನಾಂಗಿಲ್ಲವ್ವಾ."

"ಇರ್ಲಿ. ಸಾಹೇಬ್ರು ಬೆಳದದ್ದು ಅದೊಂದ."