ತಡೀರಿ, ಇನ್ನೂ ಐತೆ

ಹೊಳಲ್ಕೆರೆಯ ನಮ್ಮ ತಾಲ್ಲೂಕು ಕಚೇರಿಗೆ ಕಂಪ್ಯೂಟರ್ ಬಂದ ಹೊಸತರಲ್ಲಿ ಒಬ್ಬ ಆಪರೇಟರ್ ಇದ್ದರು. ಸೆರಗು ಸೊಂಟಕ್ಕೆ ಸಿಕ್ಕಿಸಿ ಕೂತರೆಂದರೆ ಕಣ್ಣು ಸದಾ ಪರದೆಯ ಕೆಳ ಅಂಚಿನಲ್ಲಿ. ಅವಸರ ಮಾಡಿದವರಿಗೆಲ್ಲ ಒಂದೇ ಮಾತು: “ತಡೀರಿ, ಇನ್ನೂ ಐತೆ.”

ಇಡೀ ಹೋಬಳಿಯ ಪಡಿತರ ಪಟ್ಟಿಯನ್ನು ಒಮ್ಮೆಲೇ ಕೇಳಿದರೆ ಕಂಪ್ಯೂಟರ್ ಕಲ್ಲಿನಂತೆ ನಿಂತುಬಿಡುತ್ತಿತ್ತು. ಅದಕ್ಕೇ ಅವರು ಐನೂರು ಹೆಸರು ತಂದು ನಿಲ್ಲುವಂತೆ, ಮತ್ತೆ ಕೇಳಿದರಷ್ಟೇ ಮುಂದಿನವು ಬರುವಂತೆ ಮಾಡಿದ್ದರು. ನನಗೆ ಅದು ಗೊತ್ತಿರಲಿಲ್ಲ.

ಒಂದು ಮಧ್ಯಾಹ್ನ ಅವರು ಊಟಕ್ಕೆ ಹೋದಾಗ ಹೊರಕೆರೆದೇವಪುರದಿಂದ ಹಾಲಮ್ಮ ಎಂಬ ಅಜ್ಜಿ ತನ್ನ ಪಡಿತರ ಕಾರ್ಡಿನ ಬಗ್ಗೆ ಕೇಳಲು ಬಂದಳು. ನಾನೇ ಪಟ್ಟಿ ತೆರೆದು, ಬಂದಷ್ಟನ್ನೂ ನೋಡಿ, “ನಿನ್ ಹೆಸರೇ ಇಲ್ಲ ಅಜ್ಜಿ, ಕಾರ್ಡು ರದ್ದಾಗೈತೆ” ಎಂದೆ.

ಬಾಗಿಲಲ್ಲಿ ಎದುರಾದ ಆಪರೇಟರ್, ಕಣ್ಣೊರೆಸಿಕೊಳ್ಳುತ್ತಿದ್ದ ಅಜ್ಜಿಯನ್ನು ಕೈಹಿಡಿದು ವಾಪಸ್ ಕರೆತಂದರು.

“ಎಲ್ಲಿಗೆ ನಿಂತೈತೆ ನೋಡ್ರಿ ಸರ್. ಕೊನೇ ಹೆಸರು ಗಂಗಮ್ಮ. ‘ಹ’ ಎಲ್ಲಿ ಬಂತು?”

ಕಂತುಕಂತಾಗಿ ಹೆಸರು ತರಿಸುತ್ತ, ಪ್ರತಿ ಕಂತಿಗೂ ಅಜ್ಜಿಯ ಕಡೆ ತಿರುಗಿ “ಇನ್ನೂ ಐತೆ” ಎನ್ನುತ್ತಿದ್ದರು. ಕಟ್ಟಕಡೆಯ ಕಂತಿನಲ್ಲಿ ಹಾಲಮ್ಮ ಸಿಕ್ಕಳು.

ಅಜ್ಜಿ ಪರದೆಯನ್ನು ನೋಡಲಿಲ್ಲ. ನನ್ನನ್ನೇ ನೋಡಿದಳು.

“ಈಗ ಇದೀನೇನಪ್ಪ ನಾನು?”